ಮಗಳಿಗೆ ಒಂದೇ ದಿನದಲ್ಲಿ ವಿಜಾಪುರ ತೋರಿಸುವುದು ಹೇಗೆ?

ಹೆಸರು 2014ರಲ್ಲಿ ವಿಜಯಪುರ ಆಯಿತು. ನನ್ನ ಬಾಯಲ್ಲಿ ಮಾತ್ರ ಇನ್ನೂ ವಿಜಾಪುರವೇ. ಮದುವೆಯಾಗಿ ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಹೋದ ವರ್ಷ ಹನ್ನೆರಡರ ಮಗಳನ್ನು ಕರೆದುಕೊಂಡು ಹೋದೆ. ಮೊದಲ ದಿನ ಪೂರ್ತಿ ಎಡವಟ್ಟು. ಮರುದಿನ ಸರಿ ಹೋಯಿತು. ಆ ಎರಡನೇ ದಿನದ ದಾರಿ ಇದು.

ಬಾಗಿಲು ತೆರೆಯುವ ಹೊತ್ತಿಗೆ ಗೋಳಗುಮ್ಮಟದಲ್ಲಿರಿ. ನಾವು ಮೊದಲ ದಿನ ಹನ್ನೊಂದಕ್ಕೆ ಹೋಗಿದ್ದೆವು. ಶಾಲೆ ಪ್ರವಾಸದ ಮಕ್ಕಳ ಕೂಗಾಟಕ್ಕೆ ಒಳಗೆ ಸಂತೆಯಾಗಿತ್ತು. "ಇಷ್ಟೇನಾ ಅಮ್ಮಾ?" ಅಂದಳು.

ಹತ್ತುವ ಮುಂಚೆ ಕೆಳಗೇ ಒಂದು ಆಟವಿದೆ. ಎರಡು ಚೌಕ ಕರವಸ್ತ್ರ ಬೇಕು. ಒಂದನ್ನು ಹಾಸಿ, ಇನ್ನೊಂದನ್ನು ಅದರ ಮೇಲೆ ಓರೆಯಾಗಿ ಇಡಿ. ಎಂಟು ಮೂಲೆಯ ನಕ್ಷತ್ರವಾಗುತ್ತದೆ, ನಡುವೆ ಎಂಟು ಬದಿಯ ಜಾಗ ಉಳಿಯುತ್ತದೆ. ಈಗ ತಲೆ ಎತ್ತಿ. ಒಂದನ್ನೊಂದು ಹಾಯುವ ಕಮಾನುಗಳು ಮಾಡಿರುವುದೂ ಇದನ್ನೇ. ಚೌಕ ಗೋಡೆಯ ಮೇಲೆ ದುಂಡು ಗುಮ್ಮಟ ಕೂತಿದ್ದು ಹಾಗೆ. ನಡುವೆ ಒಂದು ಕಂಬವೂ ಇಲ್ಲ. ಇದು ಇಲ್ಲಿಯ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಗೋರಿ, ಅವನು 1656ರಲ್ಲಿ ತೀರಿಕೊಂಡ. ಕಟ್ಟೆಯ ಮೇಲೆ ಕಾಣುವುದು ಬರೀ ಗುರುತು, ನಿಜವಾದ ಗೋರಿ ಅದರ ಕೆಳಗಿದೆ.

ಮೂಲೆಯ ಮಿನಾರನ್ನು ನಿಧಾನ ಹತ್ತಿ, ಏಳು ಅಂತಸ್ತು. ಮೇಲೆ ಗುಮ್ಮಟದ ಒಳಸುತ್ತಿನ ಜಗಲಿಗೆ ಹೋದಮೇಲೆ ಕೂಗಬೇಡಿ. ಮಗುವನ್ನು ಎದುರು ಬದಿಗೆ ಕಳಿಸಿ, ಗೋಡೆಗೆ ಕಿವಿ ಹಚ್ಚಿ ನಿಲ್ಲಲು ಹೇಳಿ. ನೀವು ಈ ಕಡೆ ಗೋಡೆಯ ಹತ್ತಿರ ಪಿಸುಗುಟ್ಟಿ. ದುಂಡು ಗೋಡೆಗೆ ಅಂಟಿಕೊಂಡೇ ಮಾತು ಸುತ್ತಿ ಹೋಗುತ್ತದೆ. ನಮ್ಮಜ್ಜಿ ಕೇಳುತ್ತಿದ್ದ ಹಾಗೆ "ಊಟಾ ಆತೇನವಾ?" ಅಂದೆ. ನನ್ನ ಮಗಳು ಆ ಮಾತು ಆಡುವುದೇ ಇಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು "ಆತು" ಅಂದಳು.

ಬಿಸಿಲೇರಿದ ಮೇಲೆ ನೀರಿನ ಕಡೆ ಹೋಗಿ. ನನಗೆ ಗುಮ್ಮಟಕ್ಕಿಂತ ಇದೇ ಜಾಸ್ತಿ ಇಷ್ಟ. ತಾಜ್ ಬಾವಡಿ ಅನ್ನೋ ದೊಡ್ಡ ಬಾವಿ 1620ರದ್ದು, ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನದು. ಊರಲ್ಲಿ ಅಲ್ಲಲ್ಲಿ ಒಂಟಿ ಗೋಪುರಗಳೂ ಕಾಣುತ್ತವೆ. ಅವು ಗಂಜ್. 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಅದರ ರಭಸ ತಗ್ಗಿಸಿ, ಕೊಳವೆ ಒಡೆಯದಂತೆ ಕಾಯುತ್ತಿದ್ದವು ಇವು. ಕೆಸರೂ ಅಲ್ಲೇ ಕೂರುತ್ತಿತ್ತು. ಚಿಕ್ಕಂದಿನಲ್ಲಿ ನಾವು ಅವನ್ನು ದೆವ್ವದ ಮನೆ ಅಂದುಕೊಂಡು ಓಡುತ್ತಿದ್ದೆವು!

ಮುಲುಕ್ ಮೈದಾನ್ ಫಿರಂಗಿಗೆ ಹತ್ತು ನಿಮಿಷ ಸಾಕು. ಸುಮಾರು 55 ಟನ್ ತೂಕ, ಆನೆ ನುಂಗುವ ಸಿಂಹದ ಬಾಯಿ, ಒಂದು ಫೋಟೋ, ಮುಗೀತು.

ಬುತ್ತಿ ಕಟ್ಟಿಕೊಂಡೇ ಹೋಗಿ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಹೊರಗೆಲ್ಲಾದರೂ ನೆರಳಲ್ಲಿ ಉಂಡು ಬಾರಾಕಮಾನಿಗೆ ಹೋಗಿ ಸುಮ್ನೆ ಕೂತುಕೊಳ್ಳಿ. ಛಾವಣಿಯಿಲ್ಲದ ಕರಿ ಕಮಾನುಗಳು. ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡಾಗ ಅವನ ಈ ಗೋರಿ ಅರ್ಧಕ್ಕೆ ನಿಂತಿತ್ತು. 1686ರಲ್ಲಿ ಊರೇ ಔರಂಗಜೇಬನ ಕೈ ಸೇರಿತು.

ಹಳೆ ಮನೆಯನ್ನು ಕೊನೆಗಿಡಿ. ಮೊದಲೇ ಹೋದರೆ ದಿನವೆಲ್ಲ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ಮನೆ ಜಾಗದಲ್ಲೀಗ ಮೊಬೈಲ್ ಅಂಗಡಿ. ಪಕ್ಕದ ಮನೆ ಕಾಕು ಮಾತ್ರ ಇದ್ದಾರೆ. ಹೊಸ್ತಿಲಲ್ಲೇ ನಿಂತು "ಯಾರ ಪೈಕಿ ಅವಾ ನೀವು?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ನಮ್ಮಪ್ಪನ ಹೆಸರು ಹೇಳಿದಳು. ಚಹಾಕ್ಕೆ ಅಂತ ಅರ್ಧ ತಾಸು ಇಟ್ಟುಕೊಂಡಿರಿ, ಬಿಡೋದಿಲ್ಲ.