ಗಾಡಿ ಸೀಜ್ ಮಾಡುವವರಿಗೆ ರಾಜ್ಯದ ಸಂಘ ಯಾಕೆ ಬೇಕು: ಕ್ಯಾಲಿಫೋರ್ನಿಯಾದಲ್ಲಿ ನನ್ನ ಅನುಭವ

ಸಂಘದ ಚಂದಾ ಕಟ್ಟುವ ಮುಂಚೆ, ಕಂತು ತಪ್ಪಿದ ಗಾಡಿಗಳನ್ನು ಬ್ಯಾಂಕಿಗಾಗಿ ಸೀಜ್ ಮಾಡುವ ಏಜೆನ್ಸಿಯವರು ಕೇಳುವುದು ಒಂದೇ ಪ್ರಶ್ನೆ: ಇದರಿಂದ ಕೆಲಸ ಸಿಗುತ್ತದಾ? ಸಿಗುವುದಿಲ್ಲ. ಬ್ಯಾಂಕಿನವರು ನೋಡುವುದು ರೇಟು, ಇನ್ಶೂರೆನ್ಸು, ತಿಂಗಳಿಗೆ ಎಷ್ಟು ಗಾಡಿ ಎತ್ತಿದಿರಿ ಎಂಬ ಲೆಕ್ಕ. ನಾನು ಚಂದಾ ಕಟ್ಟುವುದು ಕಾನೂನು ತಿಳಿಯಲು, ಅದನ್ನು ಉಳಿಸಿಕೊಳ್ಳಲು.

ಅಮೆರಿಕದಲ್ಲಿ ಈ ಕಸುಬಿನ ಬುಡ ರಾಜ್ಯಗಳು ಅಳವಡಿಸಿಕೊಂಡ ಮಾದರಿ ವ್ಯಾಪಾರ ಕಾನೂನಾದ ಏಕರೂಪ ವಾಣಿಜ್ಯ ಸಂಹಿತೆಯ (ಯುಸಿಸಿ) 9-609ನೇ ಕಲಮು. ಕಂತು ತಪ್ಪಿದರೆ ಕೋರ್ಟಿಗೆ ಹೋಗದೆಯೂ ಗಾಡಿ ತರಬಹುದು, ಆದರೆ ಶಾಂತಿಭಂಗ ಆಗಬಾರದು. ಶಾಂತಿಭಂಗ ಎಂದರೇನು ಅಂತ ಅಲ್ಲಿ ಬರೆದಿಲ್ಲ. ಆ ಖಾಲಿ ಜಾಗವನ್ನು ಒಂದೊಂದು ರಾಜ್ಯ ಒಂದೊಂದು ಥರ ತುಂಬಿಕೊಂಡಿದೆ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕಸುಬಿನ ಕಾಯ್ದೆಯಾದ ಕೊಲ್ಯಾಟರಲ್ ರಿಕವರಿ ಆಕ್ಟ್ ಪ್ರಕಾರ ಗಾಡಿಯೊಳಗೆ ಹೊಕ್ಕರೆ, ಟೋ ಟ್ರಕ್ಕಿಗೆ ಸಿಕ್ಕಿಸಿದರೆ, ಇಲ್ಲವೇ ಗಾಡಿ ಕೈವಶವಾದರೆ ಸೀಜ್ ಆದಂತೆಯೇ. ಆದರೆ ಖಾಸಗಿ ಕಟ್ಟಡಕ್ಕಾಗಲಿ, ಬೇಲಿ ಹಾಕಿ ಬೀಗ ಜಡಿದ ಜಾಗಕ್ಕಾಗಲಿ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಬೀಗ ಇಲ್ಲದ ಗೇಟು ಬೇರೆ, ಬೀಗ ಹಾಕಿದ ಗೇಟು ಬೇರೆ. ರಾತ್ರಿ ಎರಡು ಗಂಟೆಗೆ ಗೇಟಿನ ಮುಂದೆ ನಿಂತ ಡ್ರೈವರಿಗೆ ಬೇಕಾಗುವುದು ಈ ವ್ಯತ್ಯಾಸ. ಐವತ್ತೂ ರಾಜ್ಯಗಳಿಗೆ ಒಂದೇ ಪಾಠ ಹೇಳುವ ತರಬೇತಿಯಲ್ಲಿ ಇದು ಸಿಗುವುದಿಲ್ಲ.

ಸಂಘದ ತರಗತಿಯಲ್ಲಿ ಕಲಿತದ್ದನ್ನು ಒಂದು ಹಾಳೆಗೆ ಇಳಿಸಿ ಪ್ರತಿ ಟ್ರಕ್ಕಿನಲ್ಲೂ ಇಟ್ಟಿದ್ದೇನೆ. ಗಾಡಿ ಕೊಕ್ಕೆಗೆ ಬಿದ್ದ ತಕ್ಷಣ ಪೊಲೀಸರಿಗೆ ಫೋನು. ನಗರದೊಳಗಾದರೆ ಪೊಲೀಸು, ಹೊರಗಾದರೆ ಶೆರಿಫ್, ಅಂದರೆ ಕೌಂಟಿಯ ಪೊಲೀಸು. ಲಿಖಿತ ಸೂಚನೆ ಒಂದು ಕೆಲಸದ ದಿನದೊಳಗೆ. ಇದು ತಪ್ಪಿದರೆ ಸಾಲಗಾರ ಗಾಡಿ ಕಳವಾಯಿತು ಅಂತ ದೂರು ಕೊಡುತ್ತಾನೆ, ನಮ್ಮ ಡ್ರೈವರು ಹೆದ್ದಾರಿಯಲ್ಲಿ ಕೈ ಎತ್ತಿ ನಿಲ್ಲಬೇಕಾಗುತ್ತದೆ. ಸಾಲಗಾರನಿಗೆ ನೋಟಿಸು 48 ಗಂಟೆಯೊಳಗೆ, ನಡುವೆ ಶನಿವಾರ, ಭಾನುವಾರ ಅಥವಾ ಅಂಚೆ ರಜೆ ಬಂದರೆ 72.

ಜಗಳ ಹೆಚ್ಚಾಗಿ ಹುಟ್ಟುವುದು ಗಾಡಿಯೊಳಗಿನ ಸಾಮಾನಿನಿಂದ. ಯಾರ್ಡಿಗೆ ಬಂದ ಮೇಲೆ ಡ್ಯಾಶ್‌ಬೋರ್ಡಿನ ಡಬ್ಬಿ, ಸೀಟಿನಡಿ, ಡಿಕ್ಕಿ, ಸ್ಪೇರ್ ಟೈರಿನ ಗುಂಡಿ, ಇದೇ ಕ್ರಮದಲ್ಲಿ ಫೋಟೊ ತೆಗೆಯುತ್ತೇವೆ. ಸಾಮಾನಿನ ಪಟ್ಟಿಯಲ್ಲಿ 'ಬಟ್ಟೆ, ಇತರೆ' ಅಂತ ಬರೆದರೆ ಅದು ವ್ಯರ್ಥ. 'ಕಪ್ಪು ಬ್ಯಾಗು 1, ಮಗುವಿನ ಸೀಟು 1, ಕನ್ನಡಕ 1' ಅಂತ ಬರೆಯಬೇಕು. ಚೀಟಿ ಅಂಟಿಸಿ ಕನಿಷ್ಠ 60 ದಿನ ಇಡಬೇಕು. ಆಯುಧ, ಮಾದಕ ವಸ್ತು ಸಿಕ್ಕರೆ ನೇರ ಪೊಲೀಸರಿಗೆ.

ಇನ್ನು ಕಾಂಟ್ರ್ಯಾಕ್ಟು. ಬ್ಯಾಂಕಿಗೂ ನಮಗೂ ನಡುವೆ ಕೂತ ಫಾರ್ವರ್ಡಿಂಗ್ ಕಂಪನಿಗಳು ಕಳಿಸುವ ಕಾಗದದಲ್ಲಿ ಏನೇ ಆದರೂ ಹೊಣೆ ಏಜೆನ್ಸಿಯದೇ ಎಂಬ ಸಾಲು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅಸೈನ್‌ಮೆಂಟ್ (ಗಾಡಿ ಎತ್ತುವ ಆರ್ಡರು) ಕೊಡುವುದರಲ್ಲಿ ಸಾಲ ಕೊಟ್ಟವರು ಮಾಡಿದ ತಪ್ಪಿಗೆ ಲೈಸೆನ್ಸುದಾರ, ಅಂದರೆ ಏಜೆನ್ಸಿ, ಹೊಣೆಯಲ್ಲ, ಅದರಿಂದಾದ ನಷ್ಟವನ್ನೂ ವಕೀಲರ ಖರ್ಚನ್ನೂ ಅವರಿಂದ ಪಡೆಯಬಹುದು ಅಂತ ನಮ್ಮ ಕಾಯ್ದೆಯ 7507.13ನೇ ಕಲಮು ಹೇಳುತ್ತದೆ. ಕಂತು ಕಟ್ಟಿ ಮುಗಿಸಿದವನ ಗಾಡಿಗೇ ಆರ್ಡರು ಬಂದರೆ ಈ ಕಲಮಿನ ಬೆಲೆ ಗೊತ್ತಾಗುತ್ತದೆ. ಇದನ್ನು ತೋರಿಸಿ ಆ ಸಾಲು ತಿದ್ದಿಸಿಯೇ ಸಹಿ ಹಾಕುತ್ತೇನೆ. ತಿದ್ದದಿದ್ದರೆ ಕೆಲಸ ಬಿಡುತ್ತೇನೆ, ನಷ್ಟವಾದರೂ ಸರಿ. ಇಂಥ ಕಲಮು ಕಾಯ್ದೆಯಲ್ಲಿ ತಾನಾಗಿ ಉಳಿಯುವುದಿಲ್ಲ. ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಮಸೂದೆ ಬಂದಾಗ ಸಮಿತಿಯ ಮುಂದೆ ಹೋಗಿ ಮಾತಾಡಲು ಒಬ್ಬರಾದರೂ ಬೇಕು. ಎರಡು ಟ್ರಕ್ಕಿನ ಏಜೆನ್ಸಿಗೆ ಶಾಸಕರ ಹತ್ತಿರ ತನ್ನ ಪರ ಮಾತಾಡುವ ಲಾಬಿಯಿಸ್ಟನ್ನು ಇಟ್ಟುಕೊಳ್ಳಲು ಆಗುತ್ತದೆಯೇ?

ಸಂಘದಿಂದ ಆಗದ ಕೆಲಸವೂ ಇದೆ. ಎಲ್ಲರೂ ಸೇರಿ ಇಷ್ಟೇ ರೇಟು ಅಂತ ನಿಗದಿ ಮಾಡುವ ಹಾಗಿಲ್ಲ. ಪೈಪೋಟಿಗೆ ಅಡ್ಡಿ ಮಾಡುವ ಒಪ್ಪಂದಗಳನ್ನು ತಡೆಯುವ 1890ರ ಶರ್ಮನ್ ಕಾಯ್ದೆಯಡಿ ಅದು ಅಪರಾಧ. ಸಭೆಯಲ್ಲಿ ಯಾರಾದರೂ ರೇಟಿನ ಮಾತು ಎತ್ತಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ, ಹೋದದ್ದನ್ನು ನಡಾವಳಿಯಲ್ಲಿ ಬರೆಸುತ್ತೇನೆ. ರೇಟು ಸಾಲದು ಅನಿಸಿದರೆ ಒಂದು ಗಾಡಿಗೆ ಡೀಸೆಲು, ಡ್ರೈವರ್ ಸಂಬಳ, ಇನ್ಶೂರೆನ್ಸು, ಯಾರ್ಡ್ ಬಾಡಿಗೆ ಎಷ್ಟು ಬೀಳುತ್ತದೆ ಅಂತ ನನ್ನ ಲೆಕ್ಕ ನಾನೇ ಹಾಕಿ, ಒಬ್ಬನೇ ಕೂತು ಬ್ಯಾಂಕಿನವರ ಹತ್ತಿರ ಮಾತಾಡುತ್ತೇನೆ.

ಸೇರುವವರು ಸಂಘದವರನ್ನು ಮೊದಲು ಕೇಳಬೇಕಾದದ್ದು: ಕಳೆದ ಅಧಿವೇಶನದಲ್ಲಿ ಯಾವ್ಯಾವ ಮಸೂದೆಗೆ ಪತ್ರ ಬರೆದಿರಿ, ತೋರಿಸಿ. ಪತ್ರದ ಬದಲು ಗಾಲ್ಫ್ ಪಂದ್ಯದ ಫೋಟೊ ತೋರಿಸಿದರೆ ಚಂದಾ ಹಣ ಜೇಬಲ್ಲೇ ಇರಲಿ.