ಚೈನ್‌ಸಾ ಸ್ಟಾರ್ಟರ್ ಕೆಟ್ಟಾಗ: ಹಗ್ಗ, ಸ್ಪ್ರಿಂಗ್ ಮತ್ತು ಕೊಕ್ಕೆಗಳ ದುರಸ್ತಿ

ಎಳೆದ ಹಗ್ಗ ತುಂಡಾಗಿ ಹಿಡಿಯ ಸಮೇತ ಕೈಗೆ ಬಂದರೆ, ಅಥವಾ ಒಳಗೆ ಸರಿಯದೆ ಹೊರಗೇ ಜೋತುಬಿದ್ದರೆ, ಕೆಟ್ಟಿರುವುದು ಎಂಜಿನ್ ಅಲ್ಲ. ಅದರ ಪಕ್ಕದ ಮುಚ್ಚಳದೊಳಗಿರುವ ಸ್ಟಾರ್ಟರ್. ಅದರ ರಚನೆ ಸರಳ. ಹಗ್ಗವನ್ನು ಸುತ್ತಿಕೊಳ್ಳುವ ಒಂದು ರಾಟೆ, ಎಳೆದ ಹಗ್ಗವನ್ನು ಮರಳಿ ಒಳಗೆಳೆಯುವ ಸುರುಳಿ ಸ್ಪ್ರಿಂಗ್, ಮತ್ತು ರಾಟೆಯ ತಿರುಗುವಿಕೆಯನ್ನು ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲ್‌ಗೆ ದಾಟಿಸುವ ಒಂದೆರಡು ಸಣ್ಣ ಕೊಕ್ಕೆಗಳು ಅದರಲ್ಲಿರುತ್ತವೆ. ಎಂಜಿನ್ ಚಾಲೂ ಆದ ಕೂಡಲೇ ಈ ಕೊಕ್ಕೆಗಳು ಬಿಟ್ಟುಕೊಳ್ಳುವುದರಿಂದ ರಾಟೆ ನಿಲ್ಲುತ್ತದೆ, ಫ್ಲೈವೀಲ್ ಮಾತ್ರ ತಿರುಗುತ್ತಿರುತ್ತದೆ.

ಮುಚ್ಚಳ ಬಿಚ್ಚುವ ಮೊದಲೇ ಲಕ್ಷಣವನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಹಗ್ಗ ಹಿಂತಿರುಗದಿದ್ದರೆ ಸ್ಪ್ರಿಂಗ್ ಮುರಿದಿರುತ್ತದೆ, ತನ್ನ ಜಾಗದಿಂದ ಕಳಚಿರುತ್ತದೆ, ಇಲ್ಲವೇ ಮರದ ಪುಡಿ ಮತ್ತು ಎಣ್ಣೆ ಸೇರಿ ಗಟ್ಟಿಯಾಗಿ ರಾಟೆಯನ್ನು ಹಿಡಿದಿರುತ್ತದೆ. ಹಗ್ಗ ಸಲೀಸಾಗಿ ಬಂದು ಹೋಗುತ್ತಿದ್ದರೂ ಎಂಜಿನ್ ತಿರುಗದಿದ್ದರೆ ಕೊಕ್ಕೆಗಳು ಸವೆದಿವೆ ಅಥವಾ ಅಂಟಿಕೊಂಡಿವೆ ಎಂದರ್ಥ. ಹಗ್ಗ ಅಲುಗಾಡುವುದೇ ಇಲ್ಲವೆಂದಾದರೆ ಬಲ ಹಾಕಬೇಡಿ. ಮುಚ್ಚಳವನ್ನು ಬಿಚ್ಚಿ ಬೇರೆಯಾಗಿ ಎಳೆದು ನೋಡಿ. ಆಗ ಹಗ್ಗ ಸರಾಗವಾಗಿ ಬಂದರೆ ತೊಂದರೆ ಎಂಜಿನ್ನಿನದು. ಸ್ವಿಚ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಿಂದ ತಿರುಗಿಸಿದಾಗ ಅದು ತಿರುಗಿದರೆ ಸಿಲಿಂಡರಿನೊಳಗೆ ಇಂಧನ ತುಂಬಿಕೊಂಡಿದ್ದಿರಬಹುದು. ಆಗಲೂ ತಿರುಗದಿದ್ದರೆ ಪಿಸ್ಟನ್ ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು, ಅದು ಮೆಕ್ಯಾನಿಕ್ ನೋಡಬೇಕಾದ ಕೆಲಸ.

ಕೆಲಸಕ್ಕೆ ಕೂರುವ ಮುನ್ನ ಎಂಜಿನ್ ಪೂರ್ತಿ ತಣಿದಿರಲಿ, ಸ್ವಿಚ್ ಆಫ್ ಆಗಿರಲಿ, ಪ್ಲಗ್ಗಿನ ವೈರ್ ಕಳಚಿರಲಿ, ಚೈನಿನ ಮೇಲೆ ಕವರ್ ಇರಲಿ. ಕೈಗವಸು ಮತ್ತು ಕನ್ನಡಕ ಧರಿಸುವುದನ್ನು ಮರೆಯಬೇಡಿ. ಸುರುಳಿ ಸ್ಪ್ರಿಂಗ್ ಹಾರಿದರೆ ಅದರ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಮತ್ತು ಅದು ಹಾರುವುದು ಬಗ್ಗಿ ನೋಡುತ್ತಿರುವವರ ಮುಖದತ್ತಲೇ.

ಮುಚ್ಚಳವನ್ನು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸ್ಕ್ರೂಗಳು ಹಿಡಿದಿರುತ್ತವೆ. ಹೆಚ್ಚಿನ ಯಂತ್ರಗಳಲ್ಲಿ ಅವು ಟಾರ್ಕ್ಸ್ (ನಕ್ಷತ್ರಾಕಾರದ ಕುಳಿ) ಇಲ್ಲವೇ ಅಲೆನ್ (ಆರು ಮೂಲೆಯ ಕುಳಿ) ತಲೆಯವು. ಸರಿಯಾದ ಅಳತೆಯ ಕೀಲಿ ಇಲ್ಲದೆ ತಿರುಗಿಸಲು ಹೋದರೆ ತಲೆ ಉರುಟಾಗಿ ಕೆಲಸ ಕೆಡುತ್ತದೆ. ಬಿಚ್ಚಿದ ಮೇಲೆ ಒಳಗಿನ ಪುಡಿಯನ್ನು ಒಣ ಬ್ರಷ್‌ನಿಂದ ತೆಗೆದು, ಹಗ್ಗ ಯಾವ ದಿಕ್ಕಿನಲ್ಲಿ ಸುತ್ತಿದೆ ಎಂಬುದರ ಫೋಟೊ ತೆಗೆದಿಟ್ಟುಕೊಳ್ಳಿ. ಜೋಡಿಸುವ ಹೊತ್ತಿಗೆ ಈ ಒಂದು ಚಿತ್ರ ಬಹಳ ನೆರವಾಗುತ್ತದೆ.

ಹಗ್ಗ ತುಂಡಾಗದೆ ಉಳಿದಿದ್ದರೆ ಮೊದಲು ಸ್ಪ್ರಿಂಗಿನ ಬಿಗಿಯನ್ನು ಸಡಿಲಿಸಬೇಕು. ಗೇಣುದ್ದ ಹಗ್ಗ ಹೊರಗೆಳೆದು, ರಾಟೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹಗ್ಗವನ್ನು ರಾಟೆಯ ಅಂಚಿನ ಕಚ್ಚಿಗೆ ಸಿಕ್ಕಿಸಿ, ಬಿಗಿ ಪೂರ್ತಿ ಹೋಗುವವರೆಗೆ ರಾಟೆಯನ್ನು ಸುತ್ತುಸುತ್ತಾಗಿ ಹಿಂದಕ್ಕೆ ಬಿಡಿ. ಹಗ್ಗ ತುಂಡಾಗಿದ್ದರೆ ಈ ಬಿಗಿ ತಾನಾಗಿಯೇ ಹೋಗಿರುತ್ತದೆ. ಆದರೆ ಎಚ್ಚರ ತಪ್ಪುವುದು ಇಲ್ಲಿಯೇ: ರಾಟೆಯ ಬಿಗಿ ಹೋದರೂ ಸ್ಪ್ರಿಂಗ್ ತನ್ನ ಗೂಡಿನೊಳಗೆ ಅದುಮಿಟ್ಟ ಸ್ಥಿತಿಯಲ್ಲೇ ಇರುತ್ತದೆ. ನಡುವಿನ ಕ್ಲಿಪ್ ಅಥವಾ ಸ್ಕ್ರೂ ತೆಗೆದ ಮೇಲೆ ರಾಟೆಯನ್ನು ಸರ್ರನೆ ಎತ್ತದೆ, ಅತ್ತಿತ್ತ ಸ್ವಲ್ಪ ಹೊರಳಿಸುತ್ತಾ, ಕೆಳಗಿನ ಸ್ಪ್ರಿಂಗ್ ಜೊತೆಗೆ ಏಳುತ್ತಿಲ್ಲ ಎಂದು ನೋಡುತ್ತಾ ನಿಧಾನವಾಗಿ ಮೇಲೆತ್ತಿ.

ಸ್ಪ್ರಿಂಗ್ ಮುರಿಯುವುದು ಹೆಚ್ಚಾಗಿ ಅದರ ಬಾಗಿದ ತುದಿಯಲ್ಲಿ. ಆ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ಹೊಸದಾಗಿ ಬಾಗಿಸುವವರಿದ್ದಾರೆ. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುವುದರಿಂದ ಆ ದುರಸ್ತಿ ಬಾಳುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಮಾದರಿಯ ಹೊಸ ಸ್ಪ್ರಿಂಗ್ ತರುವುದೇ ಸರಿ. ಅದು ಗೂಡಿನ ಸಮೇತವಾಗಿ, ಇಲ್ಲವೇ ತಂತಿಯ ಚೌಕಟ್ಟಿನಲ್ಲಿ ಹಿಡಿದಿಟ್ಟ ರೂಪದಲ್ಲಿ ದೊರೆಯುತ್ತದೆ. ಚೌಕಟ್ಟಿನದಾದರೆ ಹೊರತುದಿಯನ್ನು ಅದರ ಜಾಗಕ್ಕೆ ಸಿಕ್ಕಿಸಿ, ಮೇಲಿನಿಂದ ಸಮನಾಗಿ ಒತ್ತಿದಾಗ ಸ್ಪ್ರಿಂಗ್ ಒಳಗಿಳಿದು ಚೌಕಟ್ಟು ಜಾರಿ ಹೊರಬರುತ್ತದೆ. ಹಳೆಯ ಸ್ಪ್ರಿಂಗ್ ಮುರಿಯದೆ ಬರೀ ಕಳಚಿ ಬಿದ್ದಿದ್ದರೆ, ಹೊರತುದಿಯಿಂದ ಆರಂಭಿಸಿ ಸುತ್ತಿನ ಮೇಲೆ ಸುತ್ತಾಗಿ ಒಳಮುಖವಾಗಿ ಗೂಡಿಗೆ ತುಂಬಬೇಕು. ತುಂಬಿದ ಮೇಲೆ ಒಂದೆರಡು ಹನಿ ತೆಳು ಎಣ್ಣೆ ಸಾಕು. ದಪ್ಪ ಗ್ರೀಸ್ ಹಚ್ಚಿದರೆ ಅದು ಪುಡಿಯನ್ನು ಹಿಡಿದಿಟ್ಟುಕೊಂಡು, ಚಳಿಯಲ್ಲಿ ಗಟ್ಟಿಯಾಗಿ, ಹೊಸ ಸ್ಪ್ರಿಂಗನ್ನೂ ಸೋಮಾರಿ ಮಾಡುತ್ತದೆ.

ಹೊಸ ಹಗ್ಗ ಹಾಕುವ ಮುನ್ನ ಹಳೆಯದು ಏಕೆ ತುಂಡಾಯಿತು ಎಂಬುದನ್ನು ಕಂಡುಕೊಳ್ಳಿ. ಮುಚ್ಚಳದಿಂದ ಹಗ್ಗ ಹೊರಬರುವ ತೂತಿನ ಬುಷ್ (ತೂತಿಗೆ ಕೂರಿಸಿದ ಬಳೆ) ಒಡೆದಿದ್ದರೆ ಅಥವಾ ಅದರಲ್ಲಿ ಗೀರು ಬಿದ್ದಿದ್ದರೆ, ಹೊಸ ಹಗ್ಗವೂ ಅಲ್ಲಿಯೇ ತುಂಡಾಗುತ್ತದೆ. ಹಗ್ಗದ ದಪ್ಪ ಸಾಮಾನ್ಯವಾಗಿ 3ರಿಂದ 4.5 ಮಿಲಿಮೀಟರ್, ಉದ್ದ ಸುಮಾರು 1 ಮೀಟರ್ ಇರುತ್ತದೆ. ಹಳೆಯ ತುಂಡುಗಳನ್ನು ಜೋಡಿಸಿ ಅಳೆದು ಅಷ್ಟೇ ತೆಗೆದುಕೊಳ್ಳಿ. ದಪ್ಪ ಹೆಚ್ಚಾದರೆ ಪೂರ್ತಿ ಹಗ್ಗ ರಾಟೆಯಲ್ಲಿ ಹಿಡಿಸುವುದಿಲ್ಲ, ಕಡಿಮೆಯಾದರೆ ರಾಟೆ ಮತ್ತು ಗೋಡೆಯ ಸಂದಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಸ್ಟಾರ್ಟರಿಗೆಂದೇ ಮಾಡಿದ ಹೆಣೆದ ನೈಲಾನ್ ಹಗ್ಗವನ್ನೇ ಬಳಸಿ. ತುದಿಗಳನ್ನು ಲೈಟರ್‌ನಿಂದ ಕರಗಿಸಿ ಎಳೆ ಬಿಚ್ಚದಂತೆ ಮಾಡಿ, ಒಂದು ತುದಿಯನ್ನು ರಾಟೆಯ ತೂತಿನಲ್ಲಿ ತೂರಿಸಿ ಗಂಟು ಹಾಕಿ, ಇನ್ನೊಂದನ್ನು ಬುಷ್ ಮೂಲಕ ಹೊರತೆಗೆದು ಹಿಡಿಗೆ ಕಟ್ಟಿ. ರಾಟೆಯ ಕಡೆಯ ಗಂಟು ತನ್ನ ಕುಳಿಯೊಳಗೆ ಪೂರ್ತಿ ಕೂತಿರಬೇಕು. ರಾಟೆಯನ್ನು ಅದರ ಗೂಟದ ಮೇಲಿಟ್ಟು, ಸ್ಪ್ರಿಂಗಿನ ಒಳತುದಿ ಕಚ್ಚಿಕೊಳ್ಳುವವರೆಗೆ ತಿರುಗಿಸಿ, ಕ್ಲಿಪ್ ಹಾಕಿ.

ಇನ್ನುಳಿದದ್ದು ಬಿಗಿ ಕೊಡುವುದು. ಹಗ್ಗವನ್ನು ಕಚ್ಚಿಗೆ ಸಿಕ್ಕಿಸಿ ರಾಟೆಯನ್ನು ಹಗ್ಗ ಎಳೆದಾಗ ತಿರುಗುವ ದಿಕ್ಕಿನಲ್ಲೇ ಸುತ್ತಿ, ಕೈಬಿಡದೆ ಹಿಡಿದು, ಹಗ್ಗವನ್ನು ಹೊರಗೆಳೆದು ನಿಧಾನವಾಗಿ ಒಳಗೆ ಹೋಗಲು ಬಿಡಿ. ಎಷ್ಟು ಸುತ್ತು ಬೇಕೆಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ, ಲೆಕ್ಕಕ್ಕಿಂತ ಎರಡು ಪರೀಕ್ಷೆಗಳನ್ನು ನಂಬುವುದು ಮೇಲು. ಹಿಡಿ ಮುಚ್ಚಳಕ್ಕೆ ಒತ್ತಿ ಕೂರಬೇಕು, ಜೋತುಬೀಳಬಾರದು. ಹಗ್ಗವನ್ನು ಪೂರ್ತಿ ಎಳೆದು ಹಿಡಿದಾಗಲೂ ರಾಟೆ ಇನ್ನೂ ಅರ್ಧ ಸುತ್ತಾದರೂ ತಿರುಗಬೇಕು. ಆ ಅರ್ಧ ಸುತ್ತು ಉಳಿಯದಿದ್ದರೆ ಸ್ಪ್ರಿಂಗ್ ಪ್ರತಿ ಎಳೆತದಲ್ಲೂ ಕೊನೆ ಮುಟ್ಟಿ ಬೇಗ ಮುರಿಯುತ್ತದೆ. ಒಂದು ಸುತ್ತು ಕಡಿಮೆ ಮಾಡಿ.

ಕೊಕ್ಕೆಗಳು ರಾಟೆಯ ಮೇಲಿರಲಿ ಅಥವಾ ಫ್ಲೈವೀಲ್ ಮೇಲಿರಲಿ, ಸಲೀಸಾಗಿ ಆಡುತ್ತಿವೆಯೇ, ಅವುಗಳ ತುದಿ ಉರುಟಾಗಿದೆಯೇ ಎಂದು ನೋಡಿ, ಸವೆದಿದ್ದರೆ ಬದಲಿಸಿ. ಮುಚ್ಚಳವನ್ನು ಕೂರಿಸುವಾಗ ಹಿಡಿಯನ್ನು ಸ್ವಲ್ಪ ಎಳೆಯುತ್ತಾ ಒತ್ತಿದರೆ ಕೊಕ್ಕೆಗಳು ತಾವಾಗಿ ಹೊಂದಿಕೊಳ್ಳುತ್ತವೆ. ಸ್ಕ್ರೂಗಳನ್ನು ಕೈಯಿಂದಲೇ ಹಿಡಿಸಿ, ನಂತರ ಎದುರುಬದುರಾಗಿ ಬಿಗಿಗೊಳಿಸಿ. ಪ್ಲಗ್ಗಿನ ವೈರ್ ಜೋಡಿಸಿ, ಸ್ವಿಚ್ ಆಫ್ ಇಟ್ಟುಕೊಂಡೇ, ಮೊದಲು ತಡೆ ಸಿಗುವವರೆಗೆ ನಿಧಾನವಾಗಿ, ಆಮೇಲೆ ನೇರವಾಗಿ ರಭಸದಿಂದ ನಾಲ್ಕೈದು ಬಾರಿ ಎಳೆಯಿರಿ. ಪ್ರತಿ ಬಾರಿಯೂ ಹಿಡಿಯನ್ನು ಕೈಬಿಡದೆ ಹಗ್ಗದ ಜೊತೆಗೇ ಒಳಗೆ ಕಳುಹಿಸಿ. ಹಗ್ಗ ತಡವರಿಸದೆ ಒಳಗೆ ಸೇರಿದರೆ ಸ್ವಿಚ್ ಆನ್ ಮಾಡಬಹುದು.