ಹಳೆಯ ಬೆನ್ನುನೋವು: ಮಿದುಳಿಗೆ ಮರುಪಾಠ ಹೇಳಿಕೊಡುವುದು ಹೇಗೆ?

ಮೂರು ತಿಂಗಳು ಕಳೆದರೂ ಬಿಡದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲಿಕ ನೋವು ಎಂದು ಪರಿಗಣಿಸುತ್ತದೆ. ಉಳುಕಿದ ಸ್ನಾಯು, ಎಳೆತಕ್ಕೆ ಸಿಕ್ಕಿದ ಅಸ್ಥಿರಜ್ಜು ಸಾಮಾನ್ಯವಾಗಿ ಅಷ್ಟರೊಳಗೆ ವಾಸಿಯಾಗಿರುತ್ತವೆ. ಆದರೂ ನೋವು ಉಳಿದುಕೊಂಡಿದ್ದರೆ, ಬೆನ್ನಿನಿಂದ ಬರುವ ಸಾಧಾರಣ ಸಂದೇಶಗಳನ್ನೂ ಅಪಾಯವೆಂದು ತಿಳಿಯುವ ಅಭ್ಯಾಸ ನರಮಂಡಲಕ್ಕೆ ಅಂಟಿಕೊಂಡಿರುವ ಸಾಧ್ಯತೆ ಇರುತ್ತದೆ. ಬಿಸಿ ಹಾಲಿಗೆ ಒಮ್ಮೆ ಬಾಯಿ ಸುಟ್ಟುಕೊಂಡ ತೆನಾಲಿ ರಾಮಕೃಷ್ಣನ ಬೆಕ್ಕು, ಆಮೇಲೆ ತಣ್ಣನೆಯ ಹಾಲು ಕಂಡರೂ ಓಡಿಹೋಗುತ್ತಿದ್ದುದು ಇಂತಹ ಕಲಿಕೆಯಿಂದಲೇ. ಈ ನೋವು ನಟನೆಯೂ ಅಲ್ಲ, ಭ್ರಮೆಯೂ ಅಲ್ಲ. ‘ರಿಪೋರ್ಟ್‌ನಲ್ಲಿ ಏನೂ ಇಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ’ ಎಂದು ರೋಗಿಯನ್ನು ಸಾಗಹಾಕುವುದು ಅನ್ಯಾಯ. ಕಲಿತದ್ದನ್ನು ಬದಲಿಸಿಕೊಳ್ಳುವ ಶಕ್ತಿ ಮಿದುಳಿಗಿದೆ ಎಂಬುದೇ, ಅದಕ್ಕೆ ಮರುಪಾಠ ಹೇಳಿಕೊಡುವ ಚಿಕಿತ್ಸೆಯ ಆಧಾರ.

ಮೊದಲು ಆಗಬೇಕಾದದ್ದು ವೈದ್ಯರ ತಪಾಸಣೆ. ಇದನ್ನು ಬಿಟ್ಟು ಮುಂದಿನ ಯಾವ ಹೆಜ್ಜೆಯನ್ನೂ ಇಡಬಾರದು. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಮರಗಟ್ಟುವುದು, ಕಾಲಿನ ಬಲ ಕುಂದುತ್ತಾ ಹೋಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದು ಪೆಟ್ಟಾದ ಮೇಲೆ ನೋವು ಶುರುವಾದದ್ದು, ಇವನ್ನೂ ವೈದ್ಯರಿಗೆ ಮರೆಯದೆ ಹೇಳಬೇಕು.

ಅಪಾಯಕಾರಿ ಕಾರಣವಿಲ್ಲವೆಂದು ಖಚಿತವಾದ ಮೇಲೆ ಎಂಆರ್‌ಐ ವರದಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಎರಡನೆಯ ಹೆಜ್ಜೆ. ‘ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೆಯ, ಐದನೆಯ ಮೂಳೆಗಳ ನಡುವಿನ ಮೆತ್ತೆ) ಸವೆದಿದೆ’ ಎಂಬ ಒಂದು ಸಾಲು ಓದಿ, ಇನ್ನು ಜೀವನವಿಡೀ ಬಗ್ಗುವಂತಿಲ್ಲ ಎಂದು ನಿರ್ಧರಿಸಿಬಿಡುವವರು ಬಹಳ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, 20ರ ವಯಸ್ಸಿನವರಲ್ಲಿ ಶೇ 37ರಷ್ಟು ಮಂದಿಗೆ, 80ರ ವಯಸ್ಸಿನವರಲ್ಲಿ ಶೇ 96ರಷ್ಟು ಮಂದಿಗೆ ಡಿಸ್ಕ್ ಸವೆತವಿತ್ತು. ಕೂದಲು ನರೆಯುವಷ್ಟೇ ಸಹಜವಾದ ಈ ಬದಲಾವಣೆ ನಿಮ್ಮ ನೋವಿಗೆ ನಿಜವಾಗಿಯೂ ಕಾರಣವೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಭಯ ಕಡಿಮೆಯಾಗುವುದು ಚಿಕಿತ್ಸೆಯ ಒಂದು ಮುಖ್ಯ ಭಾಗವೇ ಆಗಿದೆ.

ಮೂರನೆಯ ಹೆಜ್ಜೆಯಾಗಿ ಒಂದೆರಡು ವಾರ ನೋವಿನ ನಡವಳಿಕೆಯನ್ನು ಬರೆದಿಡಿ. ಮದುವೆ ಮನೆಯಲ್ಲಿ ಗಂಟೆಗಟ್ಟಲೆ ಓಡಾಡಿದಾಗ ಕಾಣದ ನೋವು ಮರುದಿನ ಕಚೇರಿಯ ಕುರ್ಚಿಯಲ್ಲಿ ಕೂತೊಡನೆ ಬರುತ್ತದೆಯೇ? ಎಡಗಡೆಯಿಂದ ಬಲಗಡೆಗೆ ಜಾಗ ಬದಲಿಸುತ್ತದೆಯೇ? ನಿದ್ದೆಗೆಟ್ಟ ದಿನ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ ಹೆಚ್ಚುತ್ತದೆಯೇ? ಹೀಗಿದ್ದರೆ ನರಮಂಡಲದ ಪಾತ್ರ ದೊಡ್ಡದಿರಬಹುದು.

ನಾಲ್ಕನೆಯದು ನೋವನ್ನು ಹೆದರದೆ ಗಮನಿಸುವ ಅಭ್ಯಾಸ. ಇದಕ್ಕೆ ತುಸು ತಾಳ್ಮೆ ಬೇಕು. ನೋವು ಸಾಧಾರಣವಾಗಿರುವ ಹೊತ್ತು ನೋಡಿ, ಒರಗಿ ಕೂತು, ಕಣ್ಣು ಮುಚ್ಚಿ, ಉಸಿರನ್ನು ನಿಧಾನವಾಗಿ ಬಿಡಿ. ಗಮನವನ್ನು ಸೊಂಟದ ಕಡೆಗೆ ತಿರುಗಿಸಿ. ಅಲ್ಲಿರುವುದು ಸೆಳೆತವೋ, ಉರಿಯೋ, ಭಾರವೋ? ಅದರ ಅಂಚು ಎಲ್ಲಿ ಮುಗಿಯುತ್ತದೆ? ಕ್ಷಣದಿಂದ ಕ್ಷಣಕ್ಕೆ ಹಿಗ್ಗುತ್ತದೆಯೋ ಕುಗ್ಗುತ್ತದೆಯೋ? ಅದನ್ನು ಓಡಿಸುವ ಪ್ರಯತ್ನ ಬೇಡ. ‘ಬೆನ್ನಿಗೆ ಈಗ ಪೆಟ್ಟಾಗುತ್ತಿಲ್ಲ, ಇದು ಅಪಾಯವಿಲ್ಲದ ಸಂದೇಶ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕೆಲವು ನಿಮಿಷ ಕುತೂಹಲದಿಂದ ನೋಡುತ್ತಿದ್ದರೆ ಸಾಕು. ನೋವು ತೀವ್ರವಾಗಿದ್ದಾಗ ಈ ಅಭ್ಯಾಸಕ್ಕೆ ಕೈಹಾಕದೆ ಬಿಸಿ ಶಾಖ, ವಿಶ್ರಾಂತಿ, ಹಿತವಾದ ಸಂಗೀತದಂತಹ ಸಮಾಧಾನಗಳನ್ನು ಹುಡುಕುವುದೇ ಒಳ್ಳೆಯದು.

ಈ ಅಭ್ಯಾಸವನ್ನು ಒಳಗೊಂಡ ಚಿಕಿತ್ಸೆಯೊಂದನ್ನು ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್‌ನಲ್ಲಿ ಹಳೆಯ ಬೆನ್ನುನೋವಿನ 151 ಮಂದಿಯನ್ನು ಒಳಗೊಂಡು ಪರೀಕ್ಷಿಸಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಾಲ್ಕು ವಾರಗಳ ಈ ಚಿಕಿತ್ಸೆ ಮುಗಿದಾಗ ಅದನ್ನು ಪಡೆದ ಗುಂಪಿನ ಶೇ 66ರಷ್ಟು ಮಂದಿಗೆ ನೋವು ಇರಲಿಲ್ಲ ಅಥವಾ ಇಲ್ಲವೆನ್ನುವಷ್ಟು ತಗ್ಗಿತ್ತು. ಹೋಲಿಕೆಗೆಂದು ಔಷಧವಿಲ್ಲದ ಲವಣಜಲದ ಚುಚ್ಚುಮದ್ದು ಪಡೆದವರಲ್ಲಿ ಈ ಪ್ರಮಾಣ ಶೇ 20, ಎಂದಿನ ಚಿಕಿತ್ಸೆಯಲ್ಲೇ ಮುಂದುವರಿದವರಲ್ಲಿ ಶೇ 10 ಇತ್ತು. ಆಶಾದಾಯಕ ಫಲಿತಾಂಶವೇ ಸರಿ. ಆದರೆ ಈ ಚಿಕಿತ್ಸೆ ಪಡೆದವರಿಗೆ ಪರಿಣತ ಚಿಕಿತ್ಸಕರ ನೆರವಿತ್ತು, ಅವರ ನೋವು ಹೆಚ್ಚಾಗಿ ಸಾಧಾರಣ ಮಟ್ಟದ್ದಾಗಿತ್ತು. ಆದ್ದರಿಂದ ಎಲ್ಲರಿಗೂ ಇಷ್ಟೇ ಗುಣ ಸಿಗುತ್ತದೆಂದು ಲೆಕ್ಕ ಹಾಕಬಾರದು.

ಐದನೆಯ ಹೆಜ್ಜೆ ಬಿಟ್ಟ ಕೆಲಸಗಳಿಗೆ ಮರಳುವುದು. 20 ನಿಮಿಷ ಕೂತರೆ ನೋವು ಏರುತ್ತದೆಂದಾದರೆ 15 ನಿಮಿಷಕ್ಕೇ ಎದ್ದು, ಕೆಲವು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸುತ್ತಾ ಹೋಗಿ. ಬಗ್ಗಲು ಭಯವಿದ್ದವರು ಮಂಚದ ಅಂಚಿಗೆ ಕೈಯೂರಿ ಅರ್ಧ ಬಗ್ಗುವುದರಿಂದ ಶುರುಮಾಡಿ, ನಂತರ ಸ್ಟೂಲಿನ ಮೇಲಿಟ್ಟ ಖಾಲಿ ಬಿಂದಿಗೆ, ಆಮೇಲೆ ನೆಲದ ಮೇಲಿನ ಖಾಲಿ ಬಿಂದಿಗೆ, ಕೊನೆಗೆ ಕಾಲುಭಾಗ ನೀರಿರುವ ಬಿಂದಿಗೆ ಎತ್ತಬಹುದು. ನೋವಿಲ್ಲದ ದಿನ ಉತ್ಸಾಹದಿಂದ ಮನೆಯೆಲ್ಲಾ ಗುಡಿಸಿ ಸಾರಿಸಿ, ಮರುದಿನ ಹಾಸಿಗೆ ಹಿಡಿಯುವುದೇ ಇಲ್ಲಿ ಎದುರಾಗುವ ದೊಡ್ಡ ತೊಡಕು. ಒಳ್ಳೆಯ ದಿನವೂ ಗೊತ್ತುಮಾಡಿಕೊಂಡಷ್ಟೇ ಮಾಡಬೇಕು, ನೋವಿನ ದಿನ ಸ್ವಲ್ಪವಾದರೂ ಮಾಡಬೇಕು. ‘ಬಗ್ಗಬೇಡ, ನಾನೇ ಎತ್ತಿಕೊಡುತ್ತೇನೆ’ ಎಂದು ಪ್ರೀತಿಯಿಂದ ತಡೆಯುವ ಮನೆಯವರಿಗೂ ಈ ಕ್ರಮವನ್ನು ಮೊದಲೇ ತಿಳಿಸಿಡಿ.

ನಡುವೆ ನೋವು ಮತ್ತೆ ಕೆರಳಬಹುದು. ಹಿಂದಿನ ನೋವಿನಂತೆಯೇ ಇದ್ದರೆ ಒಂದೆರಡು ಮೆಟ್ಟಿಲು ಕೆಳಗಿಳಿದು ಮುಂದುವರಿಸಿ; ಹೊಸ ಬಗೆಯ ನೋವಾದರೆ ವೈದ್ಯರಿಗೆ ತೋರಿಸಿ. ಪ್ರೀಗ್ಯಾಬಲಿನ್, ಟ್ರಾಮಡಾಲ್‌ನಂತಹ ಮಾತ್ರೆಗಳನ್ನು ನಿತ್ಯ ನುಂಗುತ್ತಿರುವವರು ನೋವು ತಗ್ಗಿತೆಂದು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಮನೆಯ ಅಭ್ಯಾಸದಿಂದ ಕೆಲವು ವಾರಗಳಲ್ಲಿ ಏನೂ ಬದಲಾಗದಿದ್ದರೆ ಅಥವಾ ಖಿನ್ನತೆ ಆವರಿಸಿದ್ದರೆ, ಫಿಸಿಯೋಥೆರಪಿಸ್ಟ್ ಮತ್ತು ಮನೋಚಿಕಿತ್ಸಕರು ಇಬ್ಬರೂ ಇರುವ ನೋವು ಚಿಕಿತ್ಸಾಲಯಕ್ಕೆ, ಬರೆದಿಟ್ಟ ನೋವಿನ ದಿನಚರಿಯನ್ನೂ ತೆಗೆದುಕೊಂಡು ಹೋಗಿ.